ಸೋಮವಾರ ಇಲ್ಲದ ಗೆರೆ

ಮನೆಯಲ್ಲಿ ಎತ್ತು ಇಲ್ಲದೆ ಹತ್ತು ವರ್ಷವಾಯಿತು. ಆದರೂ ನಮ್ಮ ಅಣ್ಣ, ಬಸವಣ್ಣನ ವಾರವೆಂದು, ಸೋಮವಾರ ಎತ್ತು ಹೂಡುವುದಿಲ್ಲ. ಒಕ್ಕಲುತನ ಬಿಟ್ಟು ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವನು ಅಪ್ಪನ ಸೋಮವಾರವನ್ನು ಮಾತ್ರ ಗಂಟು ಕಟ್ಟಿಕೊಂಡು ಬಂದಿದ್ದಾನೆ. ಆ ದಿನವೂ ಅಂಗಡಿ ತೆರೆಯುತ್ತಾನೆ, ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಾನೆ. ಡಾಲರಿನ ಸೌದಾ ಮಾಡುವ, ಅವನಿಗಿರುವ ಒಂದೇ ಫೋನನ್ನು ಮಾತ್ರ ಮುಟ್ಟುವುದಿಲ್ಲ. ಅದು ದೇವರ ಮಾಡದಲ್ಲಿ, ವಿಭೂತಿ ಬಟ್ಟಲಿನ ಪಕ್ಕದಲ್ಲಿ, ಮಂಗಳವಾರದವರೆಗೆ ಮಲಗಿರುತ್ತದೆ.

ಸೀರೆಯವನಿಗೆ ಡಾಲರ್ ಏಕೆ ಬೇಕಾಯಿತು ಎಂದು ನೀವು ಕೇಳಬಹುದು. ಅವನ ಸೀರೆಗಳು ಹೊರದೇಶದ ಎರಡು ಅಂಗಡಿಗಳಿಗೆ ಹೋಗುತ್ತವೆ. ದುಡ್ಡು ಬರುವುದು ಎರಡು ಮೂರು ತಿಂಗಳ ಮೇಲೆ, ಅದೂ ಡಾಲರಿನಲ್ಲಿ. ಅಷ್ಟರೊಳಗೆ ಡಾಲರ್ ಇಳಿದರೆ ಲಾಭವೂ ಇಳಿಯಿತು. ಅದಕ್ಕೇ ಬರಲಿರುವ ಡಾಲರನ್ನು ಮೊದಲೇ ಒಂದು ದರಕ್ಕೆ ಮಾರಿಡುತ್ತಾನೆ. ಮಾರಿಟ್ಟ ಮೇಲೆ ಡಾಲರ್ ಏರಿದರೆ ಆ ಸೌದಾದಲ್ಲಿ ನಷ್ಟ. ಗದ್ವಾಲಿನ ಸೀರೆಯವರು, ಮಕ್ತಲ್‌ನ ಶೇಂಗಾ ವ್ಯಾಪಾರಿಗಳು, ಹೀಗೆ ಇದೇ ಕೆಲಸದ ಇಪ್ಪತ್ತು ಮಂದಿಯ ಒಂದು ವಾಟ್ಸಾಪ್ ಗ್ರೂಪ್ ಇದೆ. ಅದಕ್ಕೆ ಅಣ್ಣನೇ ಹಿರಿಯ.

ನಾನು ಮಕ್ತಲ್‌ನಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುವವಳು. ಒಂದು ಬೇಸಿಗೆ ರಜೆಯಲ್ಲಿ ಅಣ್ಣ ಹೇಳುತ್ತ ಹೋದ, ನಾನು ಕಂಪ್ಯೂಟರಿನಲ್ಲಿ ಬರೆಯುತ್ತ ಹೋದೆ. ಹಾಗೆ ಹುಟ್ಟಿದ್ದು ನಮ್ಮ ಇಂಡಿಕೇಟರ್. ನಿನ್ನೆ ಬಜಾರ್ ಮುಚ್ಚಿದ ದರದಿಂದ ಹಿಡಿದು ಇವತ್ತು ಡಾಲರ್ ಎಷ್ಟು ಕುಣಿಯಿತು ಎಂದು ಅದು ಅಳೆಯುತ್ತದೆ, ಹದಿನಾಲ್ಕು ದಿನದ ಸರಾಸರಿ ತೆಗೆದು ಒಂದು ಗೆರೆ ಎಳೆಯುತ್ತದೆ. ಗೆರೆ ಏರಿದರೆ ಡಾಲರಿಗೆ ಹುಚ್ಚು ಹಿಡಿದಿದೆ, ಸೌದಾ ಕಡಿಮೆ ಮಾಡಿ ಎಂದರ್ಥ. ಗೆರೆ ತಣ್ಣಗಿದ್ದರೆ ಸ್ವಲ್ಪ ಹೆಚ್ಚು ಹಿಡಿಯಬಹುದು. ಇಷ್ಟು ನಷ್ಟವಾದರೆ ಸೌದಾ ತಾನೇ ಮುಗಿಯಲಿ ಎಂದು ಇಡುವ ಸ್ಟಾಪ್‌ಲಾಸನ್ನೂ ಎಲ್ಲರೂ ಈ ಗೆರೆ ನೋಡಿಯೇ ಇಡುತ್ತಿದ್ದರು, ಗೆರೆ ಮೇಲಿದ್ದರೆ ದರದಿಂದ ದೂರ, ತಣ್ಣಗಿದ್ದರೆ ಹತ್ತಿರ. ಅಣ್ಣ ಅದನ್ನು ಪುಕ್ಕಟೆ ಹಂಚಿದ. ಗ್ರೂಪಿನಲ್ಲಿ ಎಲ್ಲರೂ ಅದನ್ನು ‘ಅಣ್ಣಾರ ಗೆರೆ’ ಎಂದು ಕರೆದರು. ಬರೆದವಳ ಸುದ್ದಿ ಯಾರೂ ಎತ್ತಲಿಲ್ಲ, ನನಗೆ ಒಳಗೊಳಗೇ ಉರಿಯುತ್ತಿತ್ತು.

ಬರೆಯುವಾಗ ಅಣ್ಣ ಒಂದು ಮಾತು ಹೇಳಿದ್ದ. ನಾವು ಸೋಮವಾರ ಸೌದಾ ಮಾಡುವುದಿಲ್ಲವಲ್ಲ, ಸೋಮವಾರದ ಲೆಕ್ಕ ನಮಗೇಕೆ, ಬಿಟ್ಟುಬಿಡು ಎಂದ. ನಾನೂ ಬಿಟ್ಟೆ. ಲೆಕ್ಕದ ಟೀಚರ್ ಆದ ನನಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ವಾರಕ್ಕೆ ದುಡಿಯುವ ದಿನ ಆರೇ.

ಗೆರೆ ಹಂಚಿ ನಾಲ್ಕು ತಿಂಗಳಾಗಿತ್ತು. ಒಂದು ಗುರುವಾರ ಗದ್ವಾಲಿನಲ್ಲಿ ಸೀರೆ ವ್ಯಾಪಾರ ಮಾಡುವ ಅಕ್ಕನೊಬ್ಬರು ಗ್ರೂಪಿಗೆ ತಮ್ಮ ದನಿ ರೆಕಾರ್ಡ್ ಮಾಡಿ ಕಳಿಸಿದರು. "ಅಣ್ಣಾರೆ, ಮೂರು ಸಲ ಆತ್ರಿ. ಶುಕ್ರವಾರ ಎಲ್ಲಾ ನೆಟ್ಟಗ ಇರತೈತಿ. ಸೋಮವಾರ ಬಜಾರ್ ತೆಗೆಯೂದರಾಗ ನನ್ನ ಸೌದಾ ಹೋಗಿರತೈತಿ. ನಿಮ್ಮ ಗೆರೆ ನೋಡೇ ಇಟ್ಟೀನ್ರಿ."

ಅಣ್ಣ ಅವರಿಗೆ ಅವಸರ ಜಾಸ್ತಿ ಎಂದು ಉತ್ತರ ಕೊಟ್ಟು ಕೈತೊಳೆದುಕೊಂಡ. ನನಗೆ ಸಮಾಧಾನವಾಗಲಿಲ್ಲ. ಟ್ಯೂಷನ್ ಮಕ್ಕಳನ್ನು ಕಳಿಸಿ, ನಾನೇ ಬರೆದದ್ದನ್ನು ಮೊದಲಿನಿಂದ ಓದಿದೆ. ಹನ್ನೊಂದನೇ ಸಾಲಿನಲ್ಲಿ ಸೋಮವಾರ ಬಿಡು ಎಂದಿತ್ತು. ಶನಿವಾರ, ಭಾನುವಾರ ಲೋಕದಲ್ಲಿ ಏನೇನು ನಡೆದರೂ ಅದೆಲ್ಲ ಸೋಮವಾರ ಬೆಳಿಗ್ಗೆ ಒಂದೇ ಜಿಗಿತದಲ್ಲಿ ದರಕ್ಕೆ ಬರುತ್ತದೆ. ವಾರದ ಅತಿ ದೊಡ್ಡ ಜಿಗಿತವನ್ನೇ ನಮ್ಮ ಗೆರೆ ಎಣಿಸಿರಲಿಲ್ಲ. ತಣ್ಣಗಿದೆ ಎಂದು ಇಪ್ಪತ್ತು ಮನೆಗಳಿಗೆ ಸುಳ್ಳು ಹೇಳುತ್ತಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಆ ಸಾಲು ತೆಗೆದು ನೋಡಿದರೆ ಗೆರೆ ಮೊದಲಿನದಕ್ಕಿಂತ ಎಷ್ಟೋ ಮೇಲೆ ಹೋಗಿ ನಿಂತಿತು.

ಮರುದಿನ ಶುಕ್ರವಾರ. ಟ್ಯೂಷನ್‌ಗೆ ರಜೆ ಹೇಳಿ ನಾರಾಯಣಪೇಟೆಯ ಬಸ್ಸು ಹತ್ತಿದೆ. ಅಣ್ಣನ ಕೈಯಲ್ಲಿ ಆಗ ಹತ್ತು ಸೌದಾ ಇದ್ದವು. ಬರಬೇಕಾದ ಡಾಲರಿಗೆ ನಾಲ್ಕು ಸಾಕಾಗಿತ್ತು. ಗೆರೆ ತಣ್ಣಗಿದೆಯೆಂದು ಆರು ಹೆಚ್ಚಿಗೆ ಹಿಡಿದಿದ್ದ. ಆ ಆರಕ್ಕೆ ಒತ್ತೆಯಾಗಿ ಕಟ್ಟಿದ್ದು ಮಗ್ಗಗಳಿಗೆ ಮುಂದಿನ ತಿಂಗಳು ನೂಲು ತರುವ ದುಡ್ಡು. ಸಂಜೆ ಐದಕ್ಕೆ ಬಜಾರ್ ಮುಚ್ಚುವುದರೊಳಗೆ ಅವನು ಆರನ್ನು ಬಿಡಬೇಕಿತ್ತು, ಇಲ್ಲವಾದರೆ ಸೋಮವಾರದ ಜಿಗಿತಕ್ಕೆ ಒಡ್ಡಿಕೊಳ್ಳಬೇಕಿತ್ತು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮದುವೆ ಸೀರೆಯವರು ಎದ್ದು ಹೋಗುವವರೆಗೆ ಹಲ್ಲು ಕಚ್ಚಿ ಕುಳಿತೆ. ಆಮೇಲೆ ಲ್ಯಾಪ್‌ಟಾಪ್ ತೆರೆದು ಎರಡೂ ಗೆರೆ ತೋರಿಸಿದೆ. ಅವನು ಗೆರೆ ನೋಡಲಿಲ್ಲ, ನನ್ನ ಮುಖ ನೋಡಿದ. ಅಪ್ಪ ಜೀವ ಇರುವವರೆಗೆ ಸೋಮವಾರ ನೇಗಿಲಿಗೆ ಕೈ ಹಚ್ಚಲಿಲ್ಲ, ಅದನ್ನು ಮುರಿಯಲು ಬಂದೆಯಾ ಎಂದು ಕೇಳಿದ. ನನಗೆ ಸಿಟ್ಟು ನೆತ್ತಿಗೇರಿತು.

"ಹೂಡಂಗಿಲ್ಲ, ಖರೆ ಐತಿ" ಎಂದೆ. "ಆದ್ರ ಸೋಮವಾರ ಅಪ್ಪ ಎತ್ತಿಗೆ ಮೇವು ಹಾಕತಿದ್ದಿಲ್ಲೇನು? ಎತ್ತು ಸೋಮವಾರನೂ ತಿಂತೈತಿ ಅಣ್ಣಾ. ನೀ ಫೋನ್ ದೇವರ ಮಾಡದಾಗ ಇಟ್ಟರೂ ನಿನ್ನ ಸೌದಾ ಬಜಾರದಾಗ ನಿಂತಿರತೈತಿ."

ಅವನು ಬಿಚ್ಚಿದ ಸೀರೆಗಳನ್ನು ಒಂದೊಂದಾಗಿ ಮಡಿಸತೊಡಗಿದ. ಕೊನೆಯ ಸೀರೆ ಮಡಿಸಿಟ್ಟು, ಇದನ್ನು ಗ್ರೂಪಿಗೆ ಹಾಕಬೇಡ, ಮರ್ಯಾದೆ ಹೋಗುತ್ತದೆ ಎಂದ. ಊಟ ಮಾಡಿ ಹೋಗು ಎಂದೂ ಹೇಳಿದ. ನಾನು ಊಟ ಮಾಡಲಿಲ್ಲ. ನಾಲ್ಕೂವರೆ ಬಸ್ಸಿಗೆ ಹೊರಟೆ, ಅವನು ಆರು ಸೌದಾ ಬಿಟ್ಟನೋ ಇಲ್ಲವೋ ಗೊತ್ತಾಗಲಿಲ್ಲ.

ಶನಿವಾರವೆಲ್ಲ ತಳಮಳ. ಅಣ್ಣನ ಮರ್ಯಾದೆ ದೊಡ್ಡದು, ಒಪ್ಪುತ್ತೇನೆ. ಆದರೆ ಗದ್ವಾಲಿನ ಆ ಅಕ್ಕ ನಾಲ್ಕನೇ ಸಲವೂ ನಮ್ಮನ್ನು ನಂಬಿ ಕುಳಿತಿದ್ದರು. ಭಾನುವಾರ ಮಧ್ಯಾಹ್ನ ನಾನೇ ಗ್ರೂಪಿಗೆ ಬರೆದೆ. ಹಳೆ ಗೆರೆಯಲ್ಲಿ ಸೋಮವಾರ ಬಿಟ್ಟುಹೋಗಿದೆ, ಬರೆದ ಕೈ ನನ್ನದು, ತಪ್ಪೂ ನನ್ನದೇ, ಹೊಸ ಗೆರೆ ಇಲ್ಲಿದೆ, ನಾಳೆ ಬಜಾರ್ ತೆಗೆಯುವ ಮೊದಲು ನಿಮ್ಮ ಸ್ಟಾಪ್‌ಲಾಸ್ ಇದರಂತೆ ಇಟ್ಟುಕೊಳ್ಳಿ ಎಂದೆ. ಎಲ್ಲರೂ ಓದಿದ್ದಾರೆ ಎಂದು ಎರಡು ನೀಲಿ ಗುರುತು ಬಂದವು, ಅಂದರೆ ಅಣ್ಣನೂ ಓದಿದ್ದ. ಅವನ ಉತ್ತರ ಬರಲಿಲ್ಲ. ಅಣ್ಣನ ಮನೆಯ ಬಾಗಿಲು ಇನ್ನು ನನಗೆ ಮುಚ್ಚಿತು ಎಂದೇ ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಒಲೆಯ ಮೇಲೆ ರೊಟ್ಟಿಯ ಹಂಚಿತ್ತು, ಪಕ್ಕದಲ್ಲಿ ಫೋನಿತ್ತು. ಡಾಲರ್ ಒಂದೇ ಸಲಕ್ಕೆ ಮೇಲಕ್ಕೆ ಹಾರಿತು, ಹಳೆ ಗೆರೆಯ ಗಡಿಯನ್ನು ದಾಟಿ ಎಲ್ಲಿಗೋ ಹೋಯಿತು. ಹೊಸ ಗೆರೆಯ ಗಡಿಯ ಹತ್ತಿರ ಬಂದು, ಅದನ್ನು ಮುಟ್ಟದೆ ನಿಂತಿತು. ಹತ್ತು ಗಂಟೆಯೊಳಗೆ ಅರ್ಧ ಇಳಿದೂ ಇಳಿಯಿತು. ರೊಟ್ಟಿ ಸೀದು ಹೋಯಿತು.

ಗ್ರೂಪಿನಲ್ಲಿ ಒಂದೊಂದೇ ಮೆಸೇಜ್ ಬರತೊಡಗಿದವು. ಶೇಂಗಾದವರೊಬ್ಬರು ಉಳಿದೆವು ಎಂದು ಬರೆದರು. ಗದ್ವಾಲಿನ ಅಕ್ಕ ನಗುತ್ತ ದನಿ ಕಳಿಸಿ, ಮೊದಲ ಸಲ ಸೋಮವಾರ ಹೊಟ್ಟೆ ತುಂಬ ಚಾ ಕುಡಿದೆ ಎಂದರು. ನಾನು ಗೆದ್ದಿದ್ದೆ, ಅದನ್ನೇಕೆ ಮುಚ್ಚಿಡಲಿ? ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಆದರೆ ಅಣ್ಣನ ಆರು ಸೌದಾ ನೆನಪಾದ ಕೂಡಲೇ ನಗು ನಿಂತಿತು. ಅವನನ್ನು ಕೇಳಲು ಮಂಗಳವಾರದವರೆಗೆ ಕಾಯಲೇಬೇಕಿತ್ತು.

ಹನ್ನೊಂದು ಗಂಟೆಗೆ ಇನ್ನೊಂದು ದನಿ ಬಂತು. ಹಿಂದೆ ಅಂಗಡಿಯ ಗದ್ದಲ ಕೇಳುತ್ತಿತ್ತು.

"ಎಲ್ಲಾರಿಗೂ ಶರಣ್ರಿ. ಶುಕ್ರವಾರ ಸಂಜಿಗೆ ಆರು ಸೌದಾ ಬಿಟ್ಟೀನಿ, ಅದಕ್ಕ ಉಳದೀನಿ. ಅಣ್ಣಾರ ಗೆರೆ ತೆಗೆದು ಹಾಕ್ರಿ. ನನ್ನ ತಂಗಿ ಗೆರೆ ಇಟ್ಕೋರಿ. ಸೋಮವಾರನೂ ಎತ್ತು ತಿಂತೈತಿ ಅಂತ ಆಕಿ ಹೇಳ್ಯಾಳ, ಖರೆ ಐತಿ."

ನಾನು ಅದನ್ನು ಎರಡು ಸಲ ಕೇಳಿದೆ. ಆಮೇಲೆ ಹೊಳೆಯಿತು: ಅಣ್ಣ ದೇವರ ಮಾಡದಿಂದ ಫೋನ್ ತೆಗೆದಿದ್ದ, ಅದೂ ಸೋಮವಾರ.