ಗ್ಲೆನಿಸ್‌ಗೆ ಬಾರದ ಕಂದು ಲಕೋಟೆ

ಮಾರ್ಚ್ ಬಂತೆಂದರೆ ಗ್ರಿಮ್ಸ್‌ಬಿಯಲ್ಲಿ ಮನೆಮನೆಗೂ ತೆರಿಗೆ ಕಚೇರಿಯ ಕಂದು ಲಕೋಟೆ ಬೀಳುತ್ತದೆ. ಅರ್ಧ ಜನ ಅದನ್ನು ಒಡೆಯುವುದೇ ಇಲ್ಲ. ಗಡಿಯಾರದ ಹಿಂದೆ ಸಿಕ್ಕಿಸಿ, ಅದು ತಾನಾಗಿ ಮಾಯವಾಗಲಿ ಎಂದು ಕಾಯುತ್ತಾರೆ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೀನಿನ ಬಂದರಿನಲ್ಲಿ ಇಪ್ಪತ್ತಾರು ವರ್ಷ ಸಂಬಳದ ಲೆಕ್ಕ ಬರೆದವಳು ನಾನು. ಬಂದರು ಬಿಕೋ ಎಂದ ಮೇಲೆ ಶಾಲೆಯ ಅಡುಗೆಮನೆಗೆ ಬಂದೆನಾದರೂ ಹಳೆಯ ಚಾಳಿ ಬಿಡಲಿಲ್ಲ. ಸಂಬಳದ ಚೀಟಿ ಕೈಗೆ ಬಂದ ದಿನ ಎಲ್ಲರದನ್ನೂ ಕಿತ್ತುಕೊಂಡು ತೆರಿಗೆ ಕೋಡ್ ನೋಡುತ್ತಿದ್ದೆ. ಚೀಟಿಯ ಮೂಲೆಯಲ್ಲಿ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಎಷ್ಟು ಸಂಬಳದವರೆಗೆ ತೆರಿಗೆ ಮುಟ್ಟಬಾರದು ಎಂದು ಅದು ಹೇಳುತ್ತದೆ. ಅದು ತಪ್ಪಿದರೆ ತಿಂಗಳು ತಿಂಗಳು ನಿಮ್ಮ ದುಡ್ಡು ಸೋರುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಗ್ಲೆನಿಸ್ ಮಾತ್ರ ತನ್ನ ಚೀಟಿಯನ್ನು ಕೊಡುತ್ತಿರಲಿಲ್ಲ.

ಅವಳು ನಮ್ಮೂರಿಗೆ ಬಂದು ಏಳು ವರ್ಷವಾಗಿತ್ತು. ಮೊದಲು ಒಂದು ಏಜೆನ್ಸಿಯ ಮೂಲಕ ಅಲ್ಲಿ ಇಲ್ಲಿ ಕೆಲಸ ಮಾಡುತ್ತಿದ್ದಳು. ಆಚೆ ವರ್ಷದ ಸೆಪ್ಟೆಂಬರ್‌ನಲ್ಲಿ ಶಾಲೆಯವರೇ ಅವಳನ್ನು ಸಹಾಯಕ ಅಡುಗೆಯವಳಾಗಿ ಸೇರಿಸಿಕೊಂಡರು. ಅವಳ ಕಸ್ಟರ್ಡ್‌ನಲ್ಲಿ ಒಂದೂ ಗಂಟು ಸಿಗುತ್ತಿರಲಿಲ್ಲ. ಐವತ್ತೆರಡರ ಹೆಂಗಸು, ಸಣ್ಣ ಮೈಕಟ್ಟು, ನಕ್ಕರೆ ಮುಖವೆಲ್ಲ ಅರಳುತ್ತಿತ್ತು. ಟೀ ಕುಡಿಯುವಾಗ ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಕೂರುವಳು. ಶಾಲೆಯ ಫೋಟೋ ತೆಗೆಯುವ ದಿನ ಶೀತಲ ಕೋಣೆಯಲ್ಲಿ ಅವಳಿಗೆ ಏನೋ ಕೆಲಸ ನೆನಪಾಗುತ್ತಿತ್ತು. ಮನೆಗೆ ದಿನಕ್ಕೊಂದು ದಾರಿಯಲ್ಲಿ ಹೋಗುವಳು. ಗಂಡ ತೀರಿಕೊಂಡ ಎಂದಿದ್ದಳು. ಹೇಳದ್ದನ್ನು ಕೆದಕಿ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಇನ್ನೊಂದು ಕಪ್ ಟೀ ಮಾಡಿಕೊಡುತ್ತೇವೆ, ಅಷ್ಟೆ.

ಹೋದ ವರ್ಷ ಮಾರ್ಚ್‌ನಲ್ಲಿ ಎಲ್ಲರೂ ಲಕೋಟೆಯನ್ನು ಬೈಯುತ್ತ ಕೂತಿದ್ದಾಗ ಅವಳು, "ನನಗೆ ಅದು ಬರೋದೇ ಇಲ್ಲಪ್ಪ," ಎಂದಳು.

"ಬರೋದೇ ಇಲ್ವಾ? ಯಾವ ಊರಿನ ಮಹಾರಾಣಿ ನೀನು?" ಎಂದು ಅವಳ ಏಪ್ರನ್ ಜೇಬಿನಿಂದ ಚೀಟಿಯನ್ನು ಎಳೆದೇಬಿಟ್ಟೆ. ನಗುತ್ತಲೇ ಎಳೆದೆ. ಕೋಡ್ ನೋಡಿದೆ. ಕೊನೆಯ ಅಕ್ಷರ ಎನ್. ತನ್ನ ತೆರಿಗೆ ರಿಯಾಯಿತಿಯಲ್ಲಿ ಒಂದು ಪಾಲನ್ನು ಗಂಡನಿಗೋ ಹೆಂಡತಿಗೋ ಬಿಟ್ಟುಕೊಟ್ಟವರಿಗೆ ಮಾತ್ರ ಆ ಅಕ್ಷರ ಬೀಳುತ್ತದೆ.

"ಗ್ಲೆನಿಸ್, ನಿನ್ನ ಗಂಡ ಸತ್ತಿದಾನೆ ಅಂದಿದ್ಯಲ್ಲೇ. ಮತ್ತೆ ಇದನ್ನ ಯಾರಿಗೆ ಕೊಡ್ತಿದೀಯ?"

ಅವಳು ಚೀಟಿಯನ್ನು ನನ್ನ ಕೈಯಿಂದ ಎಳೆದುಕೊಂಡು ಜೇಬಿಗೆ ತುರುಕಿದಳು. ಉಳಿದವರು ಎದ್ದುಹೋದ ಮೇಲೆ ಬಾಗಿಲ ಕಡೆ ನೋಡಿ ಮಾತಾಡಿದಳು.

"ಸತ್ತಿಲ್ಲ, ಐರೀನ್. ಬ್ಯಾರೋ ಊರಲ್ಲಿದಾನೆ, ನಮ್ಮ ಹಳೇ ಮನೇಲೇ. ನಾನು ಆ ಮನೆ ಬಿಟ್ಟಾಗ ನನ್ನ ಎರಡು ಪಕ್ಕೆಲುಬು ಮುರಿದಿತ್ತು. ಇನ್ನೊಂದ್ಸಲ ಬಾಗಿಲು ದಾಟಿದ್ರೆ ಹೂತುಹಾಕ್ತೀನಿ ಅಂದಿದ್ದ. ದಾಟಿದೆ."

"ಈ ಪಾಲು ಬಿಟ್ಟುಕೊಡೋ ಅರ್ಜಿ ನೀನು ಹಾಕಿದ್ದಲ್ವಾ?"

"ನಾನ್ಯಾಕೆ ಹಾಕ್ಲಿ? ತೆರಿಗೆಗೆ ಬೇಕಾಗೋ ನನ್ನ ವಿಮೆ ನಂಬರಿನ ಕಾಗದ, ಪಾಸ್‌ಪೋರ್ಟು, ಎಲ್ಲಾ ನನ್ನ ಗಂಡ ರೋಲಂಡ್ ಹತ್ರಾನೇ ಉಳಿದುಹೋಯ್ತು. ಅವನೇ ನನ್ನ ಹೆಸರಲ್ಲಿ ಹಾಕಿರಬೇಕು."

ನನ್ನ ರಕ್ತ ಕುದಿಯಿತು. ಹೊಡೆದದ್ದು ಸಾಲದೆಂದು ಆ ಮನುಷ್ಯ ಅವಳ ಸಂಬಳದಲ್ಲೂ ಪಾಲು ತಿನ್ನುತ್ತಿದ್ದ. ವರ್ಷಕ್ಕೆ ಇನ್ನೂರೈವತ್ತೆರಡು ಪೌಂಡ್. ನಾಲ್ಕು ವರ್ಷದ್ದನ್ನು ಮಾತ್ರ ವಾಪಸ್ ಕೇಳಬಹುದು; ಏಪ್ರಿಲ್ ಐದು ದಾಟಿದರೆ ಅವುಗಳಲ್ಲಿ ಎಲ್ಲಕ್ಕಿಂತ ಹಳೆಯ ವರ್ಷ ಕೈತಪ್ಪುತ್ತದೆ.

"ಹೋಗ್ಲಿ ಬಿಡು," ಎಂದಳು ಗ್ಲೆನಿಸ್. "ತಿಂಗಳಿಗೆ ಇಪ್ಪತ್ತು ಪೌಂಡ್ ತಾನೆ? ತಿಂದ್ಕೊಂಡು ಸುಮ್ನಿರಲಿ. ಬೀದೀಲಿ ಹೋಗೋ ಮಾರೀನ ಯಾಕೆ ಮನೆಗೆ ಕರೀಬೇಕು?"

"ಅದು ನಿನ್ನ ದುಡ್ಡು ಕಣೇ!"

"ಅವನಿಗೆ ಕಾಗದ ಹೋಗುತ್ತಾ?"

"ರಿಯಾಯಿತಿ ನಿಂತುಹೋಯ್ತು ಅಂತ ಹೋಗುತ್ತೆ. ಆದ್ರೆ ನೀನೆಲ್ಲಿದೀಯ ಅಂತ ತೆರಿಗೆಯವರು ಸತ್ರೂ ಹೇಳಲ್ಲ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದೀನಿ, ನನ್ನ ಮಾತು ನಂಬು."

ನಂಬಿದಳು.

ಮಾರನೆಯ ವಾರ ಬಿಡುವಿನಲ್ಲಿ ಫೋನ್ ಮಾಡಿದೆವು. ನಲವತ್ತು ನಿಮಿಷ ಅದೇ ದರಿದ್ರ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗ ಸಿಕ್ಕಿದ. ಹೆಸರು, ನಂಬರು, ಹುಟ್ಟಿದ ದಿನ ಎಲ್ಲ ಕೇಳಿದ. ಆಮೇಲೆ ವಿಳಾಸ. ಗ್ಲೆನಿಸ್ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದಳು. ಈ ಊರಿನ ವಿಳಾಸವನ್ನು ಅವಳು ಯಾವ ಸರ್ಕಾರಿ ಕಚೇರಿಗೂ ಕೊಟ್ಟವಳೇ ಅಲ್ಲ. "ಅವರ ಹತ್ರ ಏನಿದೆಯೋ ಅದನ್ನೇ ಹೇಳು, ಇಲ್ಲದಿದ್ರೆ ನೀನು ನೀನಲ್ಲ ಅಂತಾರೆ. ಕೊನೇಲಿ ಬದಲಾಯಿಸ್ಕೊಳ್ಳೋಣ," ಎಂದು ಪಿಸುಗುಟ್ಟಿದೆ. ಅವಳು ಬ್ಯಾರೋದ ಮನೆಯನ್ನು ಹೇಳಿದಳು. ಹುಡುಗ ಒಳ್ಳೆಯವನು, ಎಲ್ಲ ಬರೆದುಕೊಂಡ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಇನ್ನೂರನಲವತ್ತು ಮಕ್ಕಳು ಕಿಟಕಿಯ ಮುಂದೆ ಸಾಲು ನಿಂತವು, ಎಣ್ಣೆಯಲ್ಲಿ ಮೀನು ಕರಕಲಾಗುತ್ತಿತ್ತು. "ಆಯ್ತು ಮೇಡಂ, ಲೆಕ್ಕದ ಕಾಗದ, ಚೆಕ್ಕು ಮನೆಗೆ ಬರುತ್ತೆ," ಎಂದ ಅವನು. ನಾನೇ ಥ್ಯಾಂಕ್ಸ್ ಹೇಳಿ, ನಾನೇ ಕೆಂಪು ಗುಂಡಿ ಒತ್ತಿದೆ.

ವಿಳಾಸದ ಮಾತು ನನ್ನ ತಲೆಯಿಂದ ಹಾರಿಯೇಹೋಯಿತು. ಅವಳು ಕೇಳಲಿಲ್ಲ. ನನ್ನ ಮೇಲೆ ಭಾರ ಹಾಕಿ ನಿಶ್ಚಿಂತೆಯಾಗಿದ್ದಳು ಪಾಪ.

ಜೂನ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ನನ್ನ ಮನೆಗೂ ಒಂದು ಕಂದು ಲಕೋಟೆ ಬಂತು. ನನ್ನದೇ ವರ್ಷದ ಲೆಕ್ಕ. ಟೋಸ್ಟ್ ತಿನ್ನುತ್ತ ಓದಿದೆ. ಎರಡನೆಯ ಸಾಲಿನಲ್ಲಿ ಸಂಬಳ ಕೊಟ್ಟವರ ಹೆಸರು: ನಮ್ಮ ಶಾಲೆ, ಊರಿನ ಸಮೇತ. ಟೋಸ್ಟ್ ತಟ್ಟೆಗೆ ಹಾಕಿ ಆ ಸಾಲನ್ನು ಮತ್ತೊಮ್ಮೆ ಓದಿದೆ. ಗ್ಲೆನಿಸಳ ಲೆಕ್ಕದಲ್ಲೂ ಇದೇ ಸಾಲು ಇರುತ್ತದೆ. ಏಜೆನ್ಸಿಯಲ್ಲಿದ್ದಾಗ ಲಂಡನ್ನಿನ ಯಾವುದೋ ಕಂಪನಿಯ ಹೆಸರು ಇರುತ್ತಿತ್ತು, ಅದರಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಈಗ ಶಾಲೆಯ ಹೆಸರೇ ಇದೆ. ಮತ್ತು ಆ ಕಾಗದ ಹೋಗುವುದು ಬ್ಯಾರೋಗೆ.

ಹೇಳಬೇಕೆಂದೇ ಶಾಲೆಗೆ ಓಡಿದೆ. ಅವಳು ಬಟಾಣಿ ಬೇಯಿಸುತ್ತ ಏನೋ ಗುನುಗುತ್ತಿದ್ದಳು. ಊಟ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಪುಕ್ಕಲುತನಕ್ಕೆ ಯಾವಾಗಲೂ ಒಂದು ನೆಪ ಸಿಗುತ್ತದೆ.

ಒಂದೂ ಮುಕ್ಕಾಲಿಗೆ ಶಾಲೆಯ ಗುಮಾಸ್ತೆ ಮಿಸೆಸ್ ಪಿಕರಿಂಗ್ ಒಳಗೆ ಬಂದರು. "ಗ್ಲೆನಿಸ್, ನಿಮಗೊಂದು ಕಾಗದ."

ಕಂದು ಲಕೋಟೆ. ಬ್ಯಾರೋದ ವಿಳಾಸದ ಮೇಲೆ ಸ್ಕೇಲ್ ಇಟ್ಟು ಗೀಟೆಳೆದಿದ್ದರು. ಕೆಳಗೆ ನೀಲಿ ಶಾಯಿಯಲ್ಲಿ, ಗುಂಡಗಿನ ಅಚ್ಚುಕಟ್ಟಾದ ಅಕ್ಷರದಲ್ಲಿ ನಮ್ಮ ಶಾಲೆಯ ವಿಳಾಸ. ಮನೆ ಬಿಟ್ಟುಹೋದವರ ಕಾಗದ ಬಂದರೆ ಇಲ್ಲಿ ಎಲ್ಲರೂ ಮಾಡುವುದು ಇದನ್ನೇ: ಹಳೆಯದನ್ನು ಹೊಡೆದು ಹೊಸದನ್ನು ಬರೆದು ಅಂಚೆ ಡಬ್ಬಿಗೆ ಹಾಕುತ್ತಾರೆ. ಸಜ್ಜನರ ಪದ್ಧತಿ. ಲಕೋಟೆಯನ್ನು ಒಮ್ಮೆ ಬಿಚ್ಚಿ, ಟೇಪು ಹಚ್ಚಿ ನೀಟಾಗಿ ಮುಚ್ಚಿದ್ದರು.

ಗ್ಲೆನಿಸ್ ಅದನ್ನು ಮುಟ್ಟಲಿಲ್ಲ. "ಅವನ ಕೈಬರಹ," ಎಂದಳು.

"ಪೋಸ್ಟಲ್ಲಿ ಬಂತಾ?" ಎಂದು ಕೇಳಿದೆ.

"ಇಲ್ಲ, ಒಬ್ಬರು ತಂದುಕೊಟ್ರು," ಎಂದರು ಮಿಸೆಸ್ ಪಿಕರಿಂಗ್. "ತುಂಬಾ ಮರ್ಯಾದಸ್ಥರು. ಅಡುಗೆಯವರು ಎಷ್ಟೊತ್ತಿಗೆ ಮನೆಗೆ ಹೊರಡ್ತಾರೆ ಅಂತ ಕೇಳಿದ್ರು. ಎರಡೂವರೆಗೆ ಅಂದೆ. ಯಾಕೆ, ಹೇಳಬಾರದಿತ್ತಾ?"

ನಾನು ನನ್ನ ಜೇಬಿನ ಕಾಗದ ತೆಗೆದು ತೋರಿಸಿ, ಆದದ್ದನ್ನೆಲ್ಲ ಹೇಳಿದೆ. ಗ್ಲೆನಿಸ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಟೇಬಲ್ಲಿನ ಮೇಲೆ ಇಟ್ಟಳು.

"ಒಲೆ ಮೇಲೆ ಕಸ್ಟರ್ಡ್ ಇದೆ, ನೋಡ್ಕೋ," ಎಂದಳು.

ತರಕಾರಿ ತರುವ ಟೆರಿಯ ವ್ಯಾನು ಹಿಂದಿನ ಗೇಟಿನಲ್ಲಿತ್ತು. ಖಾಲಿ ಬುಟ್ಟಿಗಳ ನಡುವೆ ಅವಳನ್ನು ಕೂರಿಸಿದೆವು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಕೇಳಬೇಡ ಎಂದು ಅವಳ ಕಣ್ಣೇ ಹೇಳುತ್ತಿತ್ತು. ಮಿಸೆಸ್ ಪಿಕರಿಂಗ್ ಅಳುತ್ತ ಪೊಲೀಸರಿಗೆ ಫೋನ್ ಮಾಡಿದರು.

ಎರಡೂವರೆಗೆ ಸರಿಯಾಗಿ ನಾನು ಮುಂದಿನ ಗೇಟಿನಿಂದ ಹೊರಟೆ. ಬೂದು ಮಳೆಕೋಟಿನ ಒಬ್ಬ ಮನುಷ್ಯ ಅಲ್ಲಿ ನಿಂತಿದ್ದ. ಶೂ ಫಳಫಳ ಹೊಳೆಯುತ್ತಿತ್ತು. ನನಗಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಗ್ಲೆನಿಸ್ ಕೆಲಸ ಮುಗೀತಾ, ಮೇಡಂ?"

"ಆ ಹೆಸರಿನವರು ಯಾರೂ ಇಲ್ಲಿಲ್ಲ."

ಅವನಿಗೆ ಸಿಟ್ಟು ಬರಲಿಲ್ಲ. ಶಾಲೆಯ ಕಟ್ಟಡವನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ.

"ಪರವಾಗಿಲ್ಲ. ಎಲ್ಲಿಗೆ ಹೋದ್ರೂ ದುಡಿದೇ ತಿನ್ನಬೇಕಲ್ವಾ ಅವಳು? ಹೆಸರು ಬದಲಾಯಿಸ್ಬಹುದು, ಆ ವಿಮೆ ನಂಬರು ಸಾಯೋವರೆಗೂ ಒಂದೇ. ಕಾಗದ ನಮ್ಮನೆಗೇ ಬರುತ್ತೆ. ನಾನು ಕಾಯೋ ಮನುಷ್ಯ."

ಪೊಲೀಸರು ಬರುವಷ್ಟರಲ್ಲಿ ಅವನು ಹೋಗಿದ್ದ. ಅಡುಗೆಮನೆಗೆ ವಾಪಸ್ ಬಂದೆ. ಕಸ್ಟರ್ಡ್ ತಳ ಹಿಡಿದಿತ್ತು. ಸೌಟು ಕೈಗೆ ತೆಗೆದುಕೊಂಡಾಗ ನೆನಪಾಯಿತು. ಹೊಸ ಕೆಲಸಕ್ಕೆ ಸೇರುವ ಮೊದಲು ತೆರಿಗೆಯವರಲ್ಲಿ ವಿಳಾಸ ಬದಲಾಯಿಸಿಕೋ ಎಂಬ ಒಂದೇ ಒಂದು ಮಾತನ್ನು ವ್ಯಾನು ಹತ್ತಿಸುವಾಗ ನಾನು ಅವಳಿಗೆ ಹೇಳಿರಲಿಲ್ಲ. ನಾನು ಎಷ್ಟು ಸಲ ಫೋನ್ ಮಾಡಿದರೂ ತೆರಿಗೆಯವರು, ಅವರೇ ಮಾತಾಡಬೇಕು ಮೇಡಂ, ಎನ್ನುತ್ತಾರೆ. ಅದು ನ್ಯಾಯವೇ. ಅವಳ ಹತ್ತಿರ ನನ್ನ ನಂಬರಿದೆ. ಒಂದು ಸಲವೂ ಫೋನ್ ಮಾಡಿಲ್ಲ. ಅವಳು ಬುದ್ಧಿವಂತೆ, ತಾನಾಗಿಯೇ ಹೊಳೆದಿರುತ್ತದೆ ಎಂದು ದಿನಾ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಈಗ ಮತ್ತೆ ಮಾರ್ಚ್. ನನ್ನ ಲಕೋಟೆ ಬಂದು ಮೂರು ದಿನವಾಯಿತು. ಗಡಿಯಾರದ ಹಿಂದಿದೆ, ಒಡೆದಿಲ್ಲ.