ಮೌನಕ್ಕೆ ಶಾಲು ಹೊದಿಸಿದ ಸಭೆ

ನಾನು ಸಂಗೀತ ಬರೆಯುತ್ತೇನೆ. ಹಾಡುವುದಿಲ್ಲ, ವೇದಿಕೆ ಹತ್ತಿ ನುಡಿಸುವುದೂ ಇಲ್ಲ. ಕಾಗದದ ಮೇಲೆ ಬರೆದು ಕೊಡುತ್ತೇನೆ, ಪಿಟೀಲಿನವರು, ಪಿಯಾನೋದವರು ಅದನ್ನು ನೋಡಿಕೊಂಡು ನುಡಿಸುತ್ತಾರೆ. ಇದೂ ಒಂದು ಕಸುಬು ಎಂದು ಅಮೆರಿಕದ ಈ ಎಲಿಕಾಟ್ ಸಿಟಿಯ ಕನ್ನಡಿಗರಿಗೆ ತಿಳಿಸಲು ಹನ್ನೆರಡು ವರ್ಷ ಹೆಣಗಿದ್ದೇನೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು. ಸತ್ಯನಾರಾಯಣ ಪೂಜೆಗಳಲ್ಲಿ ಸಿಗುವ ಅಂಕಲ್ ಒಬ್ಬರು ಪ್ರತಿ ಸಲವೂ ಸಿನಿಮಾಕ್ಕೆ ಯಾವಾಗ ಹಾಕುತ್ತೀಯ ಎಂದು ಕೇಳುತ್ತಾರೆ. ಅವರ ಹೆಂಡತಿ, ಬರೀ ಬರೆಯುವುದಾದರೆ ಡೇಟಾಬೇಸ್ ಕೆಲಸ ಯಾಕೆ ಬಿಟ್ಟೆ ಎಂದು ಮರುಗುತ್ತಾರೆ. ನನ್ನ ಗಂಡ ಜಾಣ. ಯಾರು ಕೇಳಿದರೂ 'ವರ್ಕ್ ಫ್ರಮ್ ಹೋಮ್' ಎಂದು ಹೇಳಿ ಪ್ರಸಾದದ ಕಡೆ ನಡೆದುಬಿಡುತ್ತಾನೆ.

ಹಾಗೆಂದು ಅಮೆರಿಕದವರು ನನ್ನನ್ನು ಅರ್ಥ ಮಾಡಿಕೊಂಡಿದ್ದಾರೆ ಎಂದು ಯಾರೂ ತಿಳಿಯಬಾರದು. ಅವರಿಗೆ ನಾನು ಬರೆದಿದ್ದೆಲ್ಲವೂ ಮಾನ್ಸೂನ್. ಒಮ್ಮೆ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್‌ನಲ್ಲಿ ಒಂದೂವರೆ ತಾಸು ಸಿಕ್ಕಿಹಾಕಿಕೊಂಡ ಸಿಟ್ಟಿನಲ್ಲಿ ಒಂದು ಪಿಯಾನೋ ಕೃತಿ ಬರೆದೆ. ಕಾರ್ಯಕ್ರಮದ ಪುಸ್ತಿಕೆಯಲ್ಲಿ ಅದು ನನ್ನ ತಾಯ್ನೆಲದ ಮೊದಲ ಮಳೆಯ ನೆನಪು ಎಂದು ಅಚ್ಚಾಗಿತ್ತು. ವಾದ್ಯವೃಂದದ ಕಂಡಕ್ಟರ್ ಒಬ್ಬರು ನನ್ನ ಕೃತಿಯನ್ನು ತುಂಬಾ ಹೊಗಳಿ, ಇದರಲ್ಲಿ ಇನ್ನೂ ಸ್ವಲ್ಪ ಇಂಡಿಯಾ ಬರಬಹುದಿತ್ತು ಎಂದರು, ಸಾರಿಗೆ ಉಪ್ಪು ಕೇಳುವ ಹಾಗೆ. ನಾನೂ ಕಡಿಮೆಯವಳಲ್ಲ. ಮುಂದಿನ ಕೃತಿಗೆ ತಂಬೂರಿಯಂಥದ್ದೇನೋ ಸೇರಿಸಿ ಕೊಟ್ಟೆ. ಅವರಿಗೆ ಕಣ್ಣೀರು ಬಂತು.

ಮನಸ್ಸಿನಿಂದ ಬರೆದದ್ದು ಒಂದೇ ಒಂದು ಕೃತಿ. ಮೈಸೂರಿನಲ್ಲಿ ನನಗೆ ಏಳನೇ ವಯಸ್ಸಿನಿಂದ ಸಂಗೀತ ಕಲಿಸಿದ ಟೀಚರಿಗಾಗಿ ಬರೆದದ್ದು. ಕೋವಿಡ್ ಎರಡನೇ ಅಲೆಯಲ್ಲಿ ಅವರು ತೀರಿಕೊಂಡರು. ಹೋದರೆ ವೀಸಾ ಸ್ಟ್ಯಾಂಪಿಂಗ್ ಆಗದೆ ಅಲ್ಲೇ ಸಿಕ್ಕಿಕೊಳ್ಳುತ್ತೇನೆಂದು ನಾನು ಹೋಗಲಿಲ್ಲ. ಅವರ ಒಬ್ಬಳೇ ಮಗಳು ಇಲ್ಲೇ ವರ್ಜೀನಿಯಾದ ಆಲ್ಡಿಯಲ್ಲಿ ಇದ್ದಾರೆ, ನಾನು ಅಕ್ಕ ಎನ್ನುತ್ತೇನೆ. ಅವರಿಗೂ ಹೋಗಲಾಗಲಿಲ್ಲ. ಇಬ್ಬರೂ ನಮ್ಮ ನಮ್ಮ ಮನೆಯಲ್ಲಿ ಕೂತು, ಯಾರೋ ಹಿಡಿದ ಫೋನಿನಲ್ಲಿ ಎಲ್ಲವನ್ನೂ ನೋಡಿದೆವು. ಅರ್ಧ ಹೊತ್ತು ಫೋನ್ ಹಿಡಿದವನ ಹೆಬ್ಬೆರಳೇ ಕಾಣುತ್ತಿತ್ತು.

ಟೀಚರು ಪಾಠದಲ್ಲಿ ಸರಿ ಎಂದೂ ಹೇಳುತ್ತಿರಲಿಲ್ಲ, ತಪ್ಪು ಎಂದೂ ಹೇಳುತ್ತಿರಲಿಲ್ಲ. ನಾನು ಹಾಡಿ ಮುಗಿಸಿದ ಮೇಲೆ ಸುಮ್ಮನೆ ಕೂರುತ್ತಿದ್ದರು. ಕೈ ಮಾತ್ರ ತನ್ನ ಪಾಡಿಗೆ ಅವರೆಕಾಳು ಹಿತುಕುತ್ತಲೋ ಸೊಪ್ಪು ಬಿಡಿಸುತ್ತಲೋ ಇರುತ್ತಿತ್ತು. ಆ ಮೌನದಲ್ಲಿ ನನ್ನ ತಪ್ಪೆಲ್ಲ ನನಗೇ ಕೇಳಿಸಿಬಿಡುತ್ತಿತ್ತು. ಆಮೇಲೆ ಅವರು ಅದೇ ಸಾಲನ್ನು ಒಂದೇ ಒಂದು ಸಲ, ಯಾವ ಅಲಂಕಾರವೂ ಇಲ್ಲದೆ ಹಾಡುತ್ತಿದ್ದರು. ಅಷ್ಟೇ ಪಾಠ. ಸ್ವಂತ ಮಗಳಿಗೆ ಮಾತ್ರ ಸಂಗೀತ ಹತ್ತಲಿಲ್ಲ. ಪಾಠದ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಅಕ್ಕ ಲೆಕ್ಕ ಮಾಡುತ್ತಿದ್ದರು.

ಅದನ್ನೇ ಬರೆದೆ. ಎರಡು ಪಿಟೀಲು, ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ಒಂದು ಚೆಲ್ಲೊ, ಪಿಟೀಲಿಗಿಂತ ಕೊಂಚ ದೊಡ್ಡದಾದ, ದಪ್ಪ ದನಿಯ ಒಂದು ವಯೋಲಾ. ಏಳು ನಿಮಿಷ ನಾಲ್ವರೂ ಸೇರಿ ಒಂದು ಸಾಲನ್ನು ಎಳೆದಾಡುತ್ತಾರೆ, ತಪ್ಪಿಸುತ್ತಾರೆ, ಗೋಜಲು ಮಾಡುತ್ತಾರೆ. ಆಮೇಲೆ ನಲವತ್ತು ಸೆಕೆಂಡು ಪೂರ್ತಿ ಮೌನ. ಕೊನೆಗೆ ವಯೋಲಾ ಒಂದೇ ಆ ಸಾಲನ್ನು ಟೀಚರು ಹಾಡುತ್ತಿದ್ದಂತೆ ಒಂದು ನಿಮಿಷ ನುಡಿಸುತ್ತದೆ. ಆ ಒಂದು ನಿಮಿಷಕ್ಕಾಗಿ ಹಿಂದಿನದೆಲ್ಲ.

ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಏನಾದರೂ ಕೊಡಿ ಎಂದಾಗ ಇದನ್ನು ಕೊಡಲು ಒಪ್ಪಿದ್ದು ನನ್ನದೇ ದಡ್ಡತನ. ಹಾಗೆ ಒಪ್ಪಿದ್ದು ಅಕ್ಕನಿಗಾಗಿ. ಕನ್ಸರ್ಟ್ ಹಾಲಿಗೆ ಕರೆದರೆ ಅವರು ಬರುವವರಲ್ಲ, ಸಂಘಕ್ಕಾದರೆ ಸೀರೆ ಉಟ್ಟು ಬರುತ್ತಾರೆ. ಫೋನ್ ಮಾಡಿ, ಕೊನೆಯಲ್ಲಿ ಅಮ್ಮನ ಸಾಲು ಇದೆ ಬನ್ನಿ ಎಂದೆ. ಎರಡೂವರೆ ವರ್ಷದಿಂದ ಅಮ್ಮನಿಗಾಗಿ ಎಲ್ಲಿಗೂ ಹೋಗಿಲ್ಲ, ಇದಕ್ಕೆ ಬರುತ್ತೇನೆ ಎಂದರು.

ಸಂಘದ ಕಾರ್ಯದರ್ಶಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಮಧ್ಯೆ ನಿಲ್ಲುತ್ತದೆ, ಮುಗಿದಿರುವುದಿಲ್ಲ, ನುಡಿಸುವವರು ಬಿಲ್ಲು ಕೆಳಗಿಳಿಸುವವರೆಗೂ ಯಾರೂ ಏಳಬಾರದು. ಅವರು ಫೋನಿನಲ್ಲಿ ಟೈಪ್ ಮಾಡಿಕೊಂಡರು. ಆಮೇಲೆ ನೋಡಿದರೆ ಬರೆದುಕೊಂಡದ್ದು 'ಪಿಟೀಲು, ಎಂಟು ನಿಮಿಷ, ಸನ್ಮಾನ' ಎಂದಷ್ಟೇ.

ಒಂದು ಮಾತು ಹೇಳಲೇಬೇಕು. ನಮ್ಮ ಸಭೆಗಳಲ್ಲಿ ಮೌನ ಎಂದರೆ ಮೈಕು ಕೆಟ್ಟಿದೆ ಎಂದರ್ಥ. ವೇದಿಕೆ ಐದು ಸೆಕೆಂಡು ಸುಮ್ಮನಾದರೆ ಎಲ್ಲಿಂದಲೋ ಒಬ್ಬರು ಹಲೋ ಹಲೋ ಎನ್ನುತ್ತಾ ಬಂದೇ ಬರುತ್ತಾರೆ. ಸತ್ತವರಿಗೆಂದು ಒಂದು ನಿಮಿಷ ಎದ್ದು ನಿಲ್ಲುತ್ತೇವಲ್ಲ, ಅದನ್ನೂ ಇಪ್ಪತ್ತು ಸೆಕೆಂಡಿಗೆ ಮುಗಿಸಿ ಕೂತುಬಿಡುವ ಜನ ನಾವು.

ಬಾಡಿಗೆಗೆ ಹಿಡಿದ ಶಾಲೆಯ ಆಡಿಟೋರಿಯಮ್. ನನ್ನ ಸ್ನೇಹಿತರಾದ ನಾಲ್ವರು ಅಮೆರಿಕನ್ನರು ನನ್ನ ಮೇಲಿನ ಪ್ರೀತಿಗೂ ಬಿಸಿಬೇಳೆ ಬಾತಿನ ಆಸೆಗೂ ಬಂದು ನುಡಿಸಿದರು. ಬಹಳ ಚೆನ್ನಾಗಿ ನುಡಿಸಿದರು. ಅಕ್ಕ ಮೂರನೇ ಸಾಲಿನಲ್ಲಿ ಕೈಕಟ್ಟಿ, ಪರೀಕ್ಷೆಗೆ ಕೂತವರ ಹಾಗೆ ಕೂತಿದ್ದರು. ಏಳು ನಿಮಿಷ ಮುಗಿಯಿತು. ನಾಲ್ಕು ಬಿಲ್ಲುಗಳೂ ಗಾಳಿಯಲ್ಲಿ ನಿಂತವು. ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು, ನಾಲ್ಕು.

ಆರಕ್ಕೆ ಚಪ್ಪಾಳೆ ಬಂತು. ಎಂಟಕ್ಕೆ ಮೈಕು ಬಂತು. ನಿರೂಪಕಿ ಎಷ್ಟು ಚೆನ್ನಾಗಿತ್ತು ಅಲ್ಲವಾ ಎಂದು ಸಭೆಯನ್ನು ಕೇಳಿ ಇನ್ನೊಂದು ಚಪ್ಪಾಳೆ ಹೊಡೆಸಿದರು. ಪ್ರಾಯೋಜಕರು ಮನೆ ಮಾರಿಸುವ ಏಜೆಂಟರು. ಐದು ಗಂಟೆಗೆ ಯಾರಿಗೋ ಟೌನ್‌ಹೌಸ್ ತೋರಿಸಬೇಕಿತ್ತಂತೆ, ಓಡುತ್ತಲೇ ವೇದಿಕೆ ಹತ್ತಿದರು. ಚೆಲ್ಲೊದವನ ತಲೆಯ ಮೇಲೆ ಮೈಸೂರು ಪೇಟ ಕೂತಿತು, ಪಿಟೀಲಿನವರ ಕೊರಳಿಗೆ ಹಾರ ಬಿತ್ತು. ವಯೋಲಾ ನುಡಿಸುವ ಹುಡುಗಿ ಇನ್ನೂ ಬಿಲ್ಲೆತ್ತಿಕೊಂಡೇ ಕೂತಿದ್ದಳು. ಅವಳಿಗೆ ಶಾಲು ಹೊದಿಸಿ, ಬಿಲ್ಲನ್ನು ಮೆಲ್ಲಗೆ ಕೈಯಿಂದ ಬಿಡಿಸಿಕೊಂಡು, ಹಣ್ಣಿನ ತಟ್ಟೆ ಹಿಡಿಸಿದರು.

ಅವಳು ನನ್ನ ಕಡೆ ನೋಡಿದಳು. ನಾನು ವೇದಿಕೆಯ ಪಕ್ಕದಲ್ಲೇ ಇದ್ದೆ, ಮೈಕು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಇನ್ನೂ ಮುಗಿದಿಲ್ಲ, ದಯವಿಟ್ಟು ಕೂತುಕೊಳ್ಳಿ ಎನ್ನಲು ಎರಡು ಸೆಕೆಂಡು ಸಾಕಿತ್ತು. ಅಷ್ಟರಲ್ಲಿ ನನ್ನ ಹೆಸರು ಕರೆದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಈ ಜನ ನನ್ನನ್ನು ಕಂಪೋಸರ್ ಎಂದು ಕರೆದರು. ನಾನು ವೇದಿಕೆ ಹತ್ತಿ, ಹಾರಕ್ಕೆ ತಲೆ ಬಗ್ಗಿಸಿ, ಕ್ಯಾಮೆರಾಕ್ಕೆ ನಕ್ಕೆ. ಎರಡು ಫೋಟೋಕ್ಕೆ ನಕ್ಕೆ, ಮೊದಲನೆಯದರಲ್ಲಿ ಪ್ರಾಯೋಜಕರು ಕಣ್ಣು ಮುಚ್ಚಿದ್ದರಂತೆ. ಉಳಿದದ್ದನ್ನು ಈಗ ನುಡಿಸೋಣವೇ ಎಂದು ಚೆಲ್ಲೊದವನು ಪೇಟದ ಕೆಳಗಿನಿಂದ ಪಿಸುಗುಟ್ಟಿದ. ಬೇಡ, ಮುಗಿಯಿತು ಎಂದೆ. ಆ ನಾಚಿಕೆ ಇವತ್ತಿಗೂ ನನ್ನ ಮೈಮೇಲೆ ಹಾಗೇ ಇದೆ.

ಊಟದ ಸಾಲಿನ ಹತ್ತಿರ ಅಕ್ಕ ಸಿಕ್ಕರು. ಬಾಳಕದ ಮೆಣಸಿನಕಾಯಿ ಕೈಯಲ್ಲಿ ಹಿಡಿದ ಜನ ಬಂದು ಬಂದು ಅಭಿನಂದಿಸುತ್ತಿದ್ದರು, ಹೇಳಿದ ಟೈಮಿಗೆ ಸರಿಯಾಗಿ ಮುಗಿಸಿದ ಐಟಮ್ ನಿಮ್ಮದೊಂದೇ ಎಂದು ಕಾರ್ಯದರ್ಶಿ ಕೈ ಕುಲುಕಿದರು. ಅವರೆಲ್ಲ ಹೋಗುವವರೆಗೂ ಅಕ್ಕ ಕಾದರು.

"ಅಮ್ಮಂದು ಎಲ್ಲಿ ಬಂತೇ? ಕಾಯ್ತಾನೇ ಇದ್ದೆ ನಾನು."

ನಿಜ ಹೇಳಬಹುದಿತ್ತು.

"ಮಧ್ಯದಲ್ಲೇ ಬಂತಲ್ಲ ಅಕ್ಕ," ಎಂದೆ. "ವಯೋಲಾದಲ್ಲಿ, ಸಣ್ಣಗೆ."

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ತಲೆಯಾಡಿಸಿದರು.

"ಹೂಂ, ಬಂತು ಬಂತು. ಗೊತ್ತಾಯ್ತು ನಂಗೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ವಿಡಿಯೋ ಹಾಕ್ತಾರಲ್ಲ, ಎಷ್ಟನೇ ನಿಮಿಷ ಅಂತ ಮೆಸೇಜ್ ಮಾಡು. ಮಕ್ಕಳಿಗೆ ಕೇಳಿಸ್ಬೇಕು."

ಮರುದಿನ ಸಂಘದವರ ವಿಡಿಯೋ ಬಂತು. ಹುಡುಕಿ ಹುಡುಕಿ ನಾಲ್ಕನೇ ನಿಮಿಷ ಎಂದು ಮೆಸೇಜ್ ಕಳಿಸಿದೆ. ಅಲ್ಲಿ ಇರುವುದು, ಉಳಿದ ಮೂವರು ಹಾಳೆ ತಿರುಗಿಸಿಕೊಳ್ಳಲಿ ಎಂದು ವಯೋಲಾಕ್ಕೆ ತುರುಕಿದ್ದ ಒಂದಿಷ್ಟು ಸ್ವರಗಳು. ಪ್ರತಿ ವರ್ಷ ಟೀಚರ ತಿಥಿಯ ದಿನ ಆಲ್ಡಿಯ ಆ ಮನೆಯಲ್ಲಿ ಎಲ್ಲರೂ ಕೂತು ಅದನ್ನು ಕೇಳುತ್ತಾರೆ, ಅಜ್ಜಿ ಹೀಗೆ ಹಾಡುತ್ತಿದ್ದರು ಎಂದು ಅಕ್ಕ ಮಕ್ಕಳಿಗೆ ಹೇಳಿಕೊಡುತ್ತಾರೆ.