ಎರಡು ಹೆಸರಿನ ಊರಿನ ಆಯಿ

ಹೋದ ವಾರ ಲಂಡನ್ನಿನ ಕೊಲಿಂಡೇಲ್ ಸ್ಟೇಷನ್ನಿನಿಂದ ಮನೆಗೆ ಬರುವಾಗ ಬ್ರೆಡ್ಡಿಗೆಂದು ಪೋಲೆಂಡಿನವರ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆ ಆಗಷ್ಟೇ ಪೀಪಾಯಿಯ ಮುಚ್ಚಳ ತೆಗೆದು, ಹುಳಿ ಬರಿಸಿದ ಕೋಸನ್ನು ಯಾರದೋ ಡಬ್ಬಿಗೆ ತುಂಬುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಅಲ್ಲೇ ನಿಂತುಬಿಟ್ಟೆ. ಹಳೆಯ ಉಪ್ಪಿನಕಾಯಿಯೂ ಅಲ್ಲ, ಹುಳಿ ಮಜ್ಜಿಗೆಯೂ ಅಲ್ಲ, ಎರಡರ ನಡುವಿನ ಏನೋ... ನಮ್ಮ ಪಕ್ಕದ ಫ್ಲ್ಯಾಟಿನ ಬಾಗಿಲು ತೆರೆದಾಗ ಬರುತ್ತಿದ್ದ ವಾಸನೆ ಅದು.

ಆ ಬಾಗಿಲು ಎಂದೂ ಪೂರ್ತಿ ತೆರೆಯುತ್ತಿರಲಿಲ್ಲ. ಒಳಗಿನಿಂದ ಸರಪಳಿ ಹಾಕಿರುತ್ತಿತ್ತು. ಸಂದಿಯಲ್ಲಿ ಒಂದು ನೀಲಿ ಕಣ್ಣು, ಬಿಳಿ ಕೂದಲು, ಅಷ್ಟೆ. ನಾವು ಆ ಕಟ್ಟಡಕ್ಕೆ ಬಂದಾಗ ಮಗಳು ಇನ್ನೂ ನರ್ಸರಿಯಲ್ಲಿದ್ದಳು. ಗಂಡನಿಗೆ ಕಂಪ್ಯೂಟರಿನ ಕೆಲಸ, ನನಗೆ ಮನೆಗೆಲಸ. ಪಕ್ಕದಲ್ಲಿ ಎಂಬತ್ತು ದಾಟಿದ ಮುದುಕಿ ಒಬ್ಬಳೇ ಇದ್ದಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಮಗಳು ಹಾಗೆ ಕರೆದಳು, ನಮಗೂ ಅದೇ ರೂಢಿಯಾಯಿತು.

ಆಯಿಯ ಮಾತು ಒಂದಕ್ಕೊಂದು ಕೂಡುತ್ತಿರಲಿಲ್ಲ. ತಾನು ಫ್ರಾನ್ಸಿನವಳೆಂದು ನನಗೆ ಹೇಳಿದ್ದಳು. ಕಟ್ಟಡ ನೋಡಿಕೊಳ್ಳುವವನಿಗೆ ಜರ್ಮನಿಯವಳು ಅಂದಿದ್ದಳಂತೆ. ಊರಿನ ಹೆಸರು ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು. ಕೆಮ್ಮೆಂದು ಜಿಪಿ ಡಾಕ್ಟರ ಹತ್ತಿರ ಹೋಗಿ ಬಂದದ್ದನ್ನು ಹೇಳಿ, ಮರುದಿನ ‘ಅದನ್ನು ಯಾರಿಗಾದರೂ ಹೇಳಿದೆಯಾ?’ ಎಂದು ಕೇಳುತ್ತಿದ್ದಳು. ಲಿಫ್ಟ್ ಬಾಗಿಲು ತೆರೆದರೆ ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಇನ್ನೂ ವಿಚಿತ್ರವೆಂದರೆ, ನನ್ನ ಮಗಳನ್ನು ಆಕೆ ಏನೂ ಕೇಳುತ್ತಿರಲಿಲ್ಲ. ಮುದುಕಿಯರು ಮಕ್ಕಳನ್ನು ಕಂಡರೆ ಶಾಲೆಯಲ್ಲಿ ಏನು ಕಲಿತೆ, ಇವತ್ತು ಏನು ತಿಂದೆ ಎಂದಾದರೂ ಕೇಳುತ್ತಾರಲ್ಲ, ಅದೂ ಇಲ್ಲ.

“ಆ ಮುದುಕಿ ಏನೋ ಮುಚ್ಚಿಡಾಕತ್ತಾಳ ನೋಡು,” ಅಂದಿದ್ದ ನನ್ನ ಗಂಡ. “ನಮಗ್ಯಾಕ ಬೇಕು, ದೂರ ಇರು.”

ನನಗೂ ಅನುಮಾನವಿತ್ತು. ಆದರೆ ಎರಡು ಹೆಸರಿನ ಊರು ನನಗೆ ಹೊಸದಲ್ಲ. ನನ್ನ ತವರು ಅಕ್ಕಲಕೋಟ ಕಡೆಯ ಹಳ್ಳಿ. ಬಸ್ಸಿನ ಹಲಗೆಯ ಮೇಲೆ ಮರಾಠಿಯಲ್ಲಿ ಒಂದು ಹೆಸರು, ಮನೆಯಲ್ಲಿ ನಾವು ಕರೆಯುವುದು ಇನ್ನೊಂದು. ಮನೆಮಾತು ಯಾವುದು ಎಂದು ಸರಕಾರದವರು ಕೇಳಿದರೆ ನಮ್ಮಜ್ಜ ಮೊದಲು ಕೇಳಿದವನ ಮುಖ ನೋಡಿ, ಆಮೇಲೆ ಉತ್ತರ ಕೊಡುತ್ತಿದ್ದ. ಗಡಿಯ ಜನಕ್ಕೆ ಆ ಗುಣ ತಾನಾಗಿ ಬರುತ್ತದೆ.

ಒಂದು ವಸಂತದಲ್ಲಿ ಆಯಿ ಸರಪಳಿ ತೆಗೆದು ನನ್ನನ್ನು ಒಳಗೆ ಕರೆದಳು. ತನ್ನ ಅಣ್ಣನ ಸಮಾಧಿ ನೋಡಿ ಬರಬೇಕು, ಮಂಡಿ ನೋವಿನಿಂದ ಒಬ್ಬಳಿಗೇ ಆಗುವುದಿಲ್ಲ, ನೀನು ಜೊತೆಗೆ ಬರುತ್ತೀಯಾ ಎಂದು ಕೇಳಿದಳು. ಗಂಡನಿಗೆ ಇದು ಸರಿಬೀಳಲಿಲ್ಲ. “ಇಷ್ಟು ವರ್ಷ ಬಾಗಲಾ ತಗೀದಾಕಿ ಈಗ ದೇಶಾ ದಾಟಿ ಬಾ ಅಂತಾಳ? ಹೋಗೂದಿದ್ರ ಹೋಗು. ಅಕಿ ಬ್ಯಾಗ್ ಮಾತ್ರ ಮುಟ್ಟಬ್ಯಾಡ.” ಮಗಳ ರಜೆಯಲ್ಲಿ ಅವಳನ್ನು ನೋಡಿಕೊಳ್ಳಲು ಅವನೂ ಒಪ್ಪಿದ. ನಾನು ಹೊರಟದ್ದು ದಯೆಯಿಂದಲ್ಲ, ಕುತೂಹಲದಿಂದ.

ಸೇಂಟ್ ಪ್ಯಾಂಕ್ರಾಸಿನಲ್ಲಿ ರೈಲು ಹತ್ತಿ, ಪ್ಯಾರಿಸ್ಸಿನಲ್ಲಿ ಬದಲಿಸಿ, ಸ್ಟ್ರಾಸ್‌ಬರ್ಗಿನಲ್ಲಿ ಸಣ್ಣ ರೈಲು ಹಿಡಿದೆವು. ಒಂದು ಬದಿಗೆ ಗುಡ್ಡ ಹತ್ತುವ ದ್ರಾಕ್ಷಿ ತೋಟಗಳು. ಇನ್ನೊಂದು ಬದಿಗೆ ಬಯಲು, ಅದರಾಚೆ ರೈನ್ ನದಿ, ನದಿಯಾಚೆ ಜರ್ಮನಿ. ನಡುವೆ ಬರುವ ಹಳ್ಳಿಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಮರದ ತೊಲೆಗಳು ಹೊರಗೆ ಕಾಣುವ ಮನೆಗಳು, ಕಿಟಕಿಯಲ್ಲಿ ಕೆಂಪು ಹೂ, ಚರ್ಚಿನ ನೆತ್ತಿಯಲ್ಲಿ ಕೊಕ್ಕರೆಯ ಗೂಡು. ಆಯಿ ಕಪ್ಪು ಕನ್ನಡಕ ಹಾಕಿ, ತಲೆಗೆ ಸ್ಕಾರ್ಫ್ ಬಿಗಿದುಕೊಂಡಳು. “ಯಾರಾದರೂ ಕೇಳಿದರೆ ನಾನು ಇಂಗ್ಲೆಂಡಿನವಳು,” ಅಂದಳು.

ನಾವು ಇಳಿದ ಊರಿನಲ್ಲಿ ಬೀದಿಯ ಹಲಗೆಗಳ ಮೇಲೆ ಎರಡೆರಡು ಭಾಷೆಯ ಹೆಸರುಗಳಿದ್ದವು. ನಡೆಯುತ್ತಿದ್ದಂತೆ ಅಲ್ಲೊಂದು ಇಲ್ಲೊಂದು ಕಿಟಕಿಯ ಪರದೆ ಸರಿಯಿತು. ನನ್ನ ಬಣ್ಣ ನೋಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಗಮನಿಸಿದೆ, ಅವರು ನೋಡುತ್ತಿದ್ದದ್ದು ಆಯಿಯನ್ನು. ಉಳಿದುಕೊಂಡ ವಸತಿಗೃಹದಲ್ಲಿ ಊಟಕ್ಕೆ ಕುಳಿತಾಗ ಪಕ್ಕದ ಮೇಜಿನಲ್ಲಿ ಇಬ್ಬರು ವಯಸ್ಸಾದ ಗಂಡಸರು ಜರ್ಮನ್ನಿನಂಥ ತಮ್ಮ ಭಾಷೆಯಲ್ಲಿ ಏನೋ ಮೆಲ್ಲಗೆ ಆಡಿಕೊಂಡರು. ಆಯಿಯ ಚಮಚ ಅಲ್ಲೇ ನಿಂತಿತು. ಏನಂದರು ಎಂದು ಕೇಳಿದೆ. “ನನಗೆ ಆ ಭಾಷೆ ಬರುವುದಿಲ್ಲ,” ಅಂದಳು. ನನಗೆ ನಿಜಕ್ಕೂ ಭಯವಾಯಿತು. ಈಕೆ ಯಾರು, ನಾನು ಯಾವುದಕ್ಕೆ ಕೈಜೋಡಿಸಿದ್ದೇನೆ...

ಮರುದಿನ ಬೆಳಿಗ್ಗೆ ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೋದೆವು. ಆಯಿ ಯಾವ ಗೋರಿಯ ಬಳಿಯೂ ನಿಲ್ಲದೆ ನೆಟ್ಟಗೆ ಹೋಗಿ ಯುದ್ಧದಲ್ಲಿ ಸತ್ತವರ ಕಲ್ಲಿನ ಮುಂದೆ ನಿಂತಳು. ‘ನಮ್ಮ ಮೃತರಿಗೆ’ ಎಂದಷ್ಟೇ ಅದರ ಮೇಲೆ ಬರೆದಿದೆ ಎಂದು ಆಯಿ ಓದಿ ಹೇಳಿದಳು. ಯಾವ ದೇಶಕ್ಕಾಗಿ ಸತ್ತರೆಂದು ಬರೆದಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿ ಫ್ರಾನ್ಸಿನ ಈ ಸೀಮೆಯನ್ನು ನುಂಗಿ, ಇಲ್ಲಿಯ ಹುಡುಗರಿಗೆ ತನ್ನ ಸಮವಸ್ತ್ರ ತೊಡಿಸಿ ಕಳಿಸಿತ್ತು. ಆಕೆಯ ಅಣ್ಣ ರಷ್ಯಾದ ಹಿಮದಲ್ಲಿ ಸತ್ತ. ಹೆಣ ಬರಲಿಲ್ಲ.

“ಹಾಗಾದರೆ ಸಮಾಧಿ?” ಅಂದೆ.

“ಇಲ್ಲ. ನಿಜ ಹೇಳಿದ್ದರೆ ನೀನು ಬರುತ್ತಿರಲಿಲ್ಲ.”

ನನಗೆ ಸಿಟ್ಟು ಬಂತು. ಅಲ್ಲಿಯೇ ಒಂದು ಕಟ್ಟೆಯ ಮೇಲೆ ಕುಳಿತು ಆಯಿ ಉಳಿದದ್ದನ್ನು ಹೇಳಿದಳು. ಆಗ ಆಕೆಗೆ ಹನ್ನೊಂದು ವರ್ಷ. ಪಕ್ಕದ ಮನೆಯ ಮಗ ಸೈನ್ಯಕ್ಕೆ ಹೋಗದೆ ತಮ್ಮದೇ ನೆಲಮಾಳಿಗೆಯಲ್ಲಿ ದ್ರಾಕ್ಷಾರಸದ ಪೀಪಾಯಿಗಳ ಹಿಂದೆ ಅಡಗಿದ್ದ. ಆ ಮನೆಗೆ ಹಾಲು ತರಲು ದಿನಾ ಹೋಗುತ್ತಿದ್ದದ್ದು ಆಯಿ. ಒಂದು ದಿನ ಶಾಲೆಯಲ್ಲಿ, ನದಿಯಾಚೆಯಿಂದ ಬಂದಿದ್ದ ಮೇಷ್ಟ್ರು ಆಕೆಯ ತಲೆ ಸವರಿ, ನಗುತ್ತ ಕೇಳಿದ್ದರು: ನಿಮ್ಮ ನೆರೆಮನೆಯವರು ಊಟಕ್ಕೆ ಎಷ್ಟು ತಟ್ಟೆ ಇಡುತ್ತಾರೆ?

“ನೀವು ಏನು ಹೇಳಿದಿರಿ?”

“ಅದೇ ನೆನಪಿಲ್ಲ. ಅವರ ಕೈ ನೆನಪಿದೆ. ಕೈಯಲ್ಲಿ ಸೀಮೆಸುಣ್ಣದ ವಾಸನೆ ಇತ್ತು. ನಾನು ಏನು ಹೇಳಿದೆ ಅನ್ನುವುದು ಮಾತ್ರ...”

ಆ ವಾರದೊಳಗೆ ಹುಡುಗನನ್ನು ಹಿಡಿದರು. ತಂದೆತಾಯಿಯನ್ನೂ ಕರೆದೊಯ್ದರು. ಚಿಕ್ಕಮ್ಮನ ಮನೆಯಲ್ಲಿದ್ದ ಅವನ ತಂಗಿ ಒಬ್ಬಳೇ ಉಳಿದಳು. ಆಯಿಯ ವಯಸ್ಸಿನವಳು, ಆಟದ ಗೆಳತಿ. ಯುದ್ಧ ಮುಗಿದ ಮೇಲೆ ಊರು ಲೆಕ್ಕ ಚುಕ್ತಾ ಮಾಡಿತು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಆಯಿಯ ಮನೆಗೆ ಯಾರೂ ಬ್ರೆಡ್ ಮಾರಲಿಲ್ಲ. ಅವರು ಊರು ಬಿಟ್ಟರು. ಈಗ ಆಯಿ ಬಂದದ್ದು ಆ ಗೆಳತಿಯನ್ನು ನೋಡಲು.

ಮನೆ ಬೀದಿಯ ಕೊನೆಯಲ್ಲಿತ್ತು. ಬಾಗಿಲು ತೆರೆದ ಮುದುಕಿ ನಮ್ಮಾಯಿಗಿಂತ ಬಾಗಿದ್ದಳು. ಆಯಿ ಸ್ಕಾರ್ಫ್ ಬಿಚ್ಚಿದಳು. ಆ ಮುದುಕಿ ಆಕೆಯನ್ನು ತುಂಬ ಹೊತ್ತು ನೋಡಿ, ನಂತರ ನನ್ನ ಕಡೆ ತಿರುಗಿ ಸಾಕ್ಷಿಗೆ ಬಂದವಳೋ ಎಂಬಂತೆ ನನ್ನನ್ನೂ ಅಡಿಯಿಂದ ಮುಡಿಯವರೆಗೆ ಅಳೆದಳು. ಆಮೇಲೆ ಒಳಗೆ ಬಿಟ್ಟಳು. ಕುಳಿತುಕೊಳ್ಳಿ ಅನ್ನಲಿಲ್ಲ. ಅಡುಗೆಮನೆಯಲ್ಲಿ ಮೂವರೂ ನಿಂತೇ ಇದ್ದೆವು. ಅವರಿಬ್ಬರೂ ತಮ್ಮ ಭಾಷೆಯಲ್ಲಿ ಮಾತಾಡಿದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಆಯಿ ಚಿಕ್ಕದಾಗಿ ಏನೋ ಕೇಳಿದಳು. ಆ ಮುದುಕಿ ಮೇಜಿನ ಅಂಚು ಹಿಡಿದುಕೊಂಡು, ಕಣ್ಣು ಕೆಳಗೆ ಮಾಡಿ, ಒಂದೇ ವಾಕ್ಯ ಹೇಳಿದಳು. ಆಯಿ ತಲೆ ಅಲ್ಲಾಡಿಸಿದಳು. ಅವಳು ಅದನ್ನೇ ಮತ್ತೆ, ಈ ಸಲ ಗಟ್ಟಿಯಾಗಿ ಹೇಳಿದಳು.

ಹೊರಗೆ ಬಂದು ದ್ರಾಕ್ಷಿ ತೋಟದ ಬೇಲಿಯವರೆಗೂ ನಡೆದೆವು.

“ಹೇಳಿದ್ದು ತಾನೇ ಅಂತಾಳೆ,” ಅಂದಳು ಆಯಿ. “ತನ್ನ ಅಣ್ಣ ಮನೆಯಲ್ಲೇ ಇದ್ದಾನೆ ಎಂದು ಚಿಕ್ಕಮ್ಮನ ಮನೆಯ ಮಕ್ಕಳ ಮುಂದೆ ಜಂಬ ಕೊಚ್ಚಿಕೊಂಡಳಂತೆ. ಊರು ನಮ್ಮ ಮನೆಯ ಮೇಲೆ ಹೊರಿಸಿದಾಗ ಸುಮ್ಮನಿದ್ದಳಂತೆ.”

“ಅಂದರೆ ನಿಮ್ಮ ತಪ್ಪಿಲ್ಲವಲ್ಲ, ಆಯಿ.”

“ಅವಳು ಚಿಕ್ಕಂದಿನಿಂದಲೂ ಒಳ್ಳೆಯವಳು. ನಾನು ನೆಮ್ಮದಿಯಿಂದ ಸಾಯಲಿ ಎಂದು ಸುಳ್ಳು ಹೇಳುವಂಥವಳು.”

ಎಪ್ಪತ್ತು ವರ್ಷ ಕಾದು ಕೇಳಿದ ಮಾತನ್ನೂ ಆಕೆ ನಂಬಲಿಲ್ಲ. ನನಗೂ ಒಳಗೊಳಗೇ ಇನ್ನೊಂದು ಅನುಮಾನ ಹುಟ್ಟಿತು. ಆ ಅಡುಗೆಮನೆಯಲ್ಲಿ ನಿಜಕ್ಕೂ ಆಡಿದ ಮಾತು ಇದೇಯೋ, ಅಥವಾ ನನ್ನ ಮುಂದೆ ಆಯಿ ಬದಲಿಸಿ ಹೇಳಿದಳೋ? ಸಮಾಧಿ ಎಂದು ಸುಳ್ಳು ಹೇಳಿ ಕರೆದುಕೊಂಡು ಬಂದವಳು ತಾನೆ.

ಲಂಡನ್ನಿಗೆ ಮರಳಿದ ಮೇಲೆ ಪಕ್ಕದ ಫ್ಲ್ಯಾಟಿನಲ್ಲಿ ಭಾನುವಾರ ಮಧ್ಯಾಹ್ನ ಫೋನ್ ರಿಂಗಾಗತೊಡಗಿತು. ಈ ಹೊಸ ಕಟ್ಟಡಗಳ ಗೋಡೆ ತೆಳು. ಆ ಭಾಷೆಯಲ್ಲಿ ಆಯಿ ಮಾತಾಡುವುದು, ಒಮ್ಮೊಮ್ಮೆ ನಗುವುದು, ಇದ್ದಕ್ಕಿದ್ದಂತೆ ದನಿ ಏರಿಸುವುದು ಕೇಳುತ್ತಿತ್ತು. ಯಾರ ಫೋನೆಂದು ಒಮ್ಮೆ ಕೇಳಿಯೇಬಿಟ್ಟೆ. “ಆ ಗೆಳತಿಯದು. ನೀನು ಸುಳ್ಳು ಹೇಳಿದೆ ತಾನೆ ಎಂದು ಪ್ರತಿ ವಾರ ಕೇಳುತ್ತೇನೆ,” ಅಂದಳು ಆಯಿ. “ಅವಳು ಸಿಟ್ಟಿಗೆದ್ದು ಫೋನ್ ಇಡುತ್ತಾಳೆ. ಮುಂದಿನ ವಾರ ಮತ್ತೆ ಅವಳೇ ಮಾಡುತ್ತಾಳೆ.” ಅಂದು ಆಯಿ ನಕ್ಕದ್ದು ನೆನಪಿದೆ.

ಎರಡು ಚಳಿಗಾಲ ಹೀಗೇ ಕಳೆಯಿತು. ಮೂರನೆಯದರಲ್ಲಿ ಆಯಿಯನ್ನು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಆಕೆ ಮರಳಲಿಲ್ಲ. ತನ್ನವರೆಂದು ಯಾರೂ ಬರಲಿಲ್ಲ. ಅಂತ್ಯಕ್ರಿಯೆಯನ್ನು ಸ್ಥಳೀಯ ಕೌನ್ಸಿಲಿನವರೇ ಮಾಡಿದರು. ನಾವಿಬ್ಬರೂ ಹೋಗಿ ನಿಂತಿದ್ದೆವು. ಆ ಭಾನುವಾರ ಖಾಲಿ ಫ್ಲ್ಯಾಟಿನಲ್ಲಿ ಫೋನ್ ರಿಂಗಾಯಿತು. ನಿಂತಿತು. ಮತ್ತೆ ರಿಂಗಾಯಿತು. “ಯಾರರ ಹೇಳಬೇಕಲ್ಲ ಅಕಿಗೆ,” ಅಂದ ನನ್ನ ಗಂಡ. ನಮ್ಮ ಬಳಿ ಅವಳ ನಂಬರೂ ಇರಲಿಲ್ಲ, ಆಡಲು ಭಾಷೆಯೂ ಇರಲಿಲ್ಲ.

ಕೊನೆಗೆ ಆ ವಸತಿಗೃಹದ ನಂಬರ್ ಹುಡುಕಿ ಫೋನ್ ಮಾಡಿದೆ. ಒಡತಿಗೆ ಇಂಗ್ಲಿಷ್ ಬರುತ್ತಿತ್ತು. ಬೀದಿಯ ಕೊನೆಯ ಮನೆಯ ಅಜ್ಜಿಗೆ ವಿಷಯ ಮುಟ್ಟಿಸುತ್ತೇನೆ ಎಂದು ಒಪ್ಪಿಕೊಂಡಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಆಕೆ ಇಲ್ಲಿಯವಳೇ ಅಲ್ಲವೇ? ಯಾರ ಮನೆಯವಳು?”

ಅಷ್ಟು ವರ್ಷವಾದರೂ ಆ ಊರು ಕೇಳುವುದನ್ನು ಬಿಟ್ಟಿರಲಿಲ್ಲ.

“ನಮ್ಮ ಪಕ್ಕದ ಮನೆಯವರು,” ಅಂದೆ.

ಈಗ ಅಲ್ಲಿ ಬಾಡಿಗೆಗೆ ಒಂದು ಚಿಕ್ಕ ವಯಸ್ಸಿನ ಜೋಡಿ ಬಂದಿದೆ. ಒಳ್ಳೆಯವರು, ಕಂಡಾಗಲೆಲ್ಲ ನಗುತ್ತಾರೆ. ಭಾನುವಾರ ಮಧ್ಯಾಹ್ನ ಮಗಳು ತನ್ನ ಕೋಣೆಯಲ್ಲಿ ಓದುತ್ತಿರುತ್ತಾಳೆ, ಗಂಡ ಮಲಗಿರುತ್ತಾನೆ. ನಾನು ಪಾತ್ರೆ ತೊಳೆಯುತ್ತ ಗೋಡೆಯ ಕಡೆ ಕಿವಿ ಕೊಡುತ್ತೇನೆ. ಏನೂ ಕೇಳಿಸುವುದಿಲ್ಲ...